ಬೋರ್ಡ್ ಇದೆ, ಆದರೂ ಗಾಡಿ ನಿಧಾನ ಆಗೋದಿಲ್ಲ ಯಾಕೆ?

ಪ್ರಶ್ನೆ: ನಾನು ಕಲಬುರಗಿ–ಸೇಡಂ ರಸ್ತೆ ಪಕ್ಕದ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಶಾಲೆ ಗೇಟ್ ತೆಗೆದರೆ ಎದುರಿಗೇ ರಸ್ತೆ. ಆ ಕಡೆ ತಾಂಡಾ ಇದೆ. ಅಲ್ಲಿನ ಮಕ್ಕಳು ದಿನಾ ಎರಡು ಸಲ ರಸ್ತೆ ದಾಟಬೇಕು. ಎರಡೂ ಕಡೆ 'ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ' ಅಂತ ಬೋರ್ಡ್ ಇದೆ. 40 ಅಂತ ಬರೆದ ಕೆಂಪು ವೃತ್ತದ ಬೋರ್ಡೂ ಇದೆ. ಸಿಮೆಂಟ್ ಲಾರಿ, ಕ್ರೂಸರ್, ಬೈಕ್ ಯಾರೂ ನಿಧಾನ ಮಾಡುವುದಿಲ್ಲ. ಹೋದ ಬೇಸಿಗೆ ಮುಗಿದು ಶಾಲೆ ಶುರುವಾದಾಗ ಐದನೇ ಕ್ಲಾಸಿನ ಹುಡುಗನಿಗೆ ಬೈಕ್ ಬಡಿದು ಕಾಲು ಮುರಿಯಿತು. ಓಡಿಸುತ್ತಿದ್ದವನು ನಮ್ಮೂರವನೇ, ಇದೇ ಶಾಲೆಯಲ್ಲಿ ಕಲಿತವನು. ಊರ ಹಿರಿಯರು ರಾತ್ರೋರಾತ್ರಿ ಸಿಮೆಂಟ್ ಕಲಸಿ ನಾವೇ ಹಂಪ್ಸ್ ಹಾಕೋಣ ಅನ್ನುತ್ತಿದ್ದಾರೆ. ಕೆಲವರು ಕ್ಯಾಮೆರಾ ಬೇಕು ಅನ್ನುತ್ತಾರೆ, ಕೆಲವರು ಇನ್ನೂ ದೊಡ್ಡ ಬೋರ್ಡ್ ಹಾಕಿಸಿ ಅನ್ನುತ್ತಾರೆ. ನನ್ನ ತಮ್ಮ ಲಾರಿ ಡ್ರೈವರ್. ಅವನನ್ನು ಕೇಳಿದರೆ 'ಬೋರ್ಡ್ ಯಾರ್ ನೋಡ್ತಾರಕ್ಕ' ಅನ್ನುತ್ತಾನೆ. ನಮ್ಮ ಜನಕ್ಕೆ ಶಿಸ್ತೇ ಇಲ್ಲವೋ, ಕಾನೂನಿನ ಭಯ ಇಲ್ಲವೋ? ನಾವು ಏನು ಮಾಡಬೇಕು?

ಉತ್ತರ: ಅಕ್ಕೋರೆ, ನೀವು ಕೇಳಿರುವುದರಲ್ಲಿ ಒಂದು ವಿಷಯ ತಡ ಮಾಡುವಂಥದ್ದಲ್ಲ. ಅದನ್ನು ಮೊದಲೇ ಹೇಳುತ್ತೇನೆ. ರಾತ್ರೋರಾತ್ರಿ ಹಂಪ್ಸ್ ಹಾಕುವುದನ್ನು ದಯವಿಟ್ಟು ತಡೆಯಿರಿ. ಹಿರಿಯರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಹಂಪ್ಸ್‌ನಿಂದ ಮುಂದಿನ ಸಾವು ನಿಮ್ಮೂರಿನ ಹುಡುಗನದ್ದೇ ಆಗಬಹುದು. ಕಾರಣ ಮುಂದೆ ವಿವರವಾಗಿ ಹೇಳುತ್ತೇನೆ.

ರಸ್ತೆ ಸುರಕ್ಷತೆಯ ತಪಾಸಣೆ ನನ್ನ ವೃತ್ತಿ. ಅಪಘಾತ ಆದ ಜಾಗ ನೋಡುವುದು, ರಸ್ತೆ ಬದಿಗೆ ನಿಂತು ಗಾಡಿಗಳ ವೇಗ ಅಳೆಯುವುದು, ಧಾಬಾದಲ್ಲಿ ಡ್ರೈವರ್‌ಗಳ ಜೊತೆ ಕೂತು ಮಾತಾಡುವುದು, ಇದೇ ಕೆಲಸ. ನಿಮ್ಮ ಊರಿನ ಕಥೆ ನಿಮ್ಮೊಬ್ಬರದ್ದಲ್ಲ. ಹುಮನಾಬಾದ್ ಕಡೆ ಹೋಗಿ, ಜೇವರ್ಗಿ ಕಡೆ ಹೋಗಿ, ಶಹಾಪುರ ಕಡೆ ಹೋಗಿ, ಊರ ಕ್ರಾಸ್ ಇರುವಲ್ಲೆಲ್ಲ ಇದೇ ದೂರು.

ಮೊದಲು ಈ 'ಶಿಸ್ತಿಲ್ಲ' ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಶಾಲೆ ಮುಂದೆ 70ರಲ್ಲಿ ಹೋಗುವ ಅದೇ ಬೈಕ್ ಹುಡುಗ ಕಲಬುರಗಿ ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ಹೇಗೆ ಹೋಗುತ್ತಾನೆ ನೋಡಿ. ಕಾಲು ನೆಲಕ್ಕೆ ತಾಗಿಸಿಕೊಂಡು ಹೋಗುತ್ತಾನೆ. ಅಲ್ಲಿ ಯಾವ ವೇಗದ ಬೋರ್ಡೂ ಅವನನ್ನು ತಡೆಯುತ್ತಿಲ್ಲ. ಎದುರಿಗೆ ತಳ್ಳುಗಾಡಿ, ಪಕ್ಕಕ್ಕೆ ಟಂಟಂ ಆಟೊ, ಮಧ್ಯೆ ಹೆಂಗಸರು ಮಕ್ಕಳು. ರಸ್ತೆಯೇ ಅವನಿಗೆ ನಿಧಾನ ಅಂತ ಹೇಳುತ್ತದೆ. ಅದೇ ಹುಡುಗ ಊರ ರಸ್ತೆಗೆ ಬಂದರೆ ಅಗಲವಾದ ಟಾರು, ಕಣ್ಣು ಹಾಯಿಸಿದಷ್ಟೂ ನೇರ, ಎರಡೂ ಕಡೆ ತೊಗರಿ ಹೊಲ. ರಸ್ತೆ 'ಹೋಗು' ಅನ್ನುತ್ತಿದೆ, ಬೋರ್ಡ್ 'ನಿಲ್ಲು' ಅನ್ನುತ್ತಿದೆ. ಎರಡರ ಮಾತು ಬೇರೆ ಬೇರೆ ಆದಾಗ ಡ್ರೈವರ್ ಯಾವಾಗಲೂ ರಸ್ತೆಯ ಮಾತನ್ನೇ ಕೇಳುತ್ತಾನೆ. ಇದು ನಮ್ಮ ದೇಶದ್ದು ಮಾತ್ರ ಅಲ್ಲ. ನೆದರ್‌ಲ್ಯಾಂಡ್ಸ್‌ನ ಎಂಜಿನಿಯರ್‌ಗಳು ಇದೇ ಕಾರಣಕ್ಕೆ, ರಸ್ತೆಯನ್ನು ನೋಡಿದರೇ ಎಷ್ಟು ವೇಗ ಅಂತ ತಿಳಿಯುವ ಹಾಗೆ ರಸ್ತೆ ಕಟ್ಟಬೇಕು ಅನ್ನುವ ಪದ್ಧತಿಯನ್ನೇ ಬೆಳೆಸಿದರು.

ಎರಡನೇ ತಪ್ಪು ತಿಳುವಳಿಕೆ, ಬೋರ್ಡ್ ಕಂಡೂ ಬೇಕಂತಲೇ ಧಿಕ್ಕರಿಸುತ್ತಾರೆ ಅನ್ನುವುದು. ಕೆಲವರು ಹಾಗೆ ಮಾಡುತ್ತಾರೆ, ನಿಜ. ಆದರೆ ತುಂಬಾ ಮಂದಿಗೆ ಆ ಬೋರ್ಡ್ ತಲೆಗೇ ಹೋಗಿರುವುದಿಲ್ಲ. 1960ರ ದಶಕದಲ್ಲಿ ಸ್ವೀಡನ್‌ನಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಒಂದು ಬೋರ್ಡ್ ದಾಟಿದ ಸ್ವಲ್ಪ ದೂರದಲ್ಲೇ ಗಾಡಿ ನಿಲ್ಲಿಸಿ, 'ಈಗ ಹಿಂದೆ ಯಾವ ಬೋರ್ಡ್ ಇತ್ತು?' ಅಂತ ಕೇಳಿದರು. ವೇಗ ಮಿತಿಯ ಬೋರ್ಡ್ ಬಹಳ ಮಂದಿಗೆ ನೆನಪಿತ್ತು. ಪಾದಚಾರಿಗಳು ದಾಟುವ ಜಾಗ, ಮುಂದೆ ಅಪಾಯ ಅನ್ನುವಂಥ ಸಾಮಾನ್ಯ ಎಚ್ಚರಿಕೆಯ ಬೋರ್ಡ್ ಮಾತ್ರ ಸ್ವಲ್ಪ ಮಂದಿಗಷ್ಟೇ ನೆನಪಿತ್ತು. ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ತಾಗಿರಲಿಲ್ಲ. ತನಗೆ ಈಗಲೇ ಬೇಕಾದದ್ದನ್ನು ಮಾತ್ರ ಮನಸ್ಸು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನಿಮ್ಮ ತಮ್ಮ ಹೇಳಿದ ಮಾತು ಉಡಾಫೆಯದ್ದಲ್ಲ. ಅವರು ಇದ್ದದ್ದನ್ನೇ ಹೇಳಿದ್ದಾರೆ.

ಇನ್ನು ಮನಸ್ಸು ಬೋರ್ಡನ್ನು ಯಾಕೆ ಬಿಟ್ಟುಬಿಡುತ್ತದೆ ಅನ್ನುವುದು ಮುಖ್ಯ. ನಿಮ್ಮ ಪ್ರಶ್ನೆಯ ತಿರುಳೇ ಇದು.

ನಮ್ಮ ಭಾಗದಲ್ಲಿ ಯಾವುದೇ ರಸ್ತೆ ಹಿಡಿದು ಹೊರಡಿ. 'ರಸ್ತೆ ಕಾಮಗಾರಿ ಪ್ರಗತಿಯಲ್ಲಿದೆ' ಅಂತ ಬೋರ್ಡ್ ಸಿಗುತ್ತದೆ. ಕಾಮಗಾರಿ ಮುಗಿದು ಎಷ್ಟೋ ಕಾಲ ಆಗಿರುತ್ತದೆ. ಕೆಲಸ ಮುಗಿದ ಮೇಲೆ ಆ ಬೋರ್ಡ್ ತೆಗೆಯಬೇಕು ಅಂತ ನಿಯಮ ಇದೆ, ತೆಗೆಯುವವರು ಯಾರೂ ಇಲ್ಲ. ಮುಂದೆ ಹೋದರೆ 'ಅಪಾಯಕಾರಿ ತಿರುವು' ಅಂತ ಬೋರ್ಡ್. ತಿರುವನ್ನು ಅಗಲ ಮಾಡಿ ನೇರ ಮಾಡಿದ್ದಾರೆ, ಬೋರ್ಡ್ ಹಾಗೇ ಇದೆ. ಇನ್ನೂ ಮುಂದೆ 20 ಅಂತ ವೇಗ ಮಿತಿ. ಅಲ್ಲಿ 20ರಲ್ಲಿ ಹೋದರೆ ಹಿಂದಿನ ಲಾರಿ ಹಾರ್ನ್ ಹೊಡೆದು ಮೈಮೇಲೆ ಬರುತ್ತದೆ. ಇಷ್ಟನ್ನು ದಿನಾ ನೋಡಿದ ಡ್ರೈವರ್ ಏನು ಕಲಿಯುತ್ತಾನೆ? ಬೋರ್ಡ್ ಸುಮ್ನೆ ಇರುತ್ತದೆ ಅಂತ ಕಲಿಯುತ್ತಾನೆ. ನಿಮ್ಮ ಶಾಲೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಾರಣ ಇಲ್ಲದೆ ಗಂಟೆ ಹೊಡೆದರೆ ಮಕ್ಕಳು ಪುಸ್ತಕ ಮುಚ್ಚುವುದನ್ನು ಎರಡೇ ದಿನದಲ್ಲಿ ಬಿಡುತ್ತಾರೆ, ಅಲ್ವಾ? ಇದೂ ಹಾಗೆಯೇ. ಕೊನೆಗೆ ನಿಜವಾಗಿ ಶಾಲೆ ಇರುವಲ್ಲಿ ಹಾಕಿದ ನಿಜವಾದ ಬೋರ್ಡೂ ಆ ಸುಳ್ಳು ಬೋರ್ಡ್‌ಗಳ ಸಾಲಿಗೆ ಸೇರಿಬಿಡುತ್ತದೆ.

ನಿಮ್ಮ ಶಾಲೆಯ ಬೋರ್ಡೂ ದಿನದ ಹೆಚ್ಚು ಹೊತ್ತು ಸುಳ್ಳೇ ಹೇಳುತ್ತದೆ. ಇದನ್ನು ಬೇಜಾರಾಗದೆ ಕೇಳಿ. ರಾತ್ರಿ ಎರಡು ಗಂಟೆಗೆ ಮಳಖೇಡದಿಂದ ಸಿಮೆಂಟ್ ತುಂಬಿಕೊಂಡು ಬರುವ ಲಾರಿಯವನಿಗೂ ಅದು 'ಶಾಲೆ ಇದೆ' ಅನ್ನುತ್ತದೆ. ಭಾನುವಾರವೂ ಅನ್ನುತ್ತದೆ, ದಸರಾ ರಜೆಯಲ್ಲೂ ಅನ್ನುತ್ತದೆ. ಅವನು ದಾಟಿದಾಗೆಲ್ಲ ಒಂದು ಮಗುವೂ ಕಂಡಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಬಂದಾಗಲೂ ಅವನ ಕಾಲು ಬ್ರೇಕ್ ಕಡೆ ಹೋಗುವುದಿಲ್ಲ.

ಇದಕ್ಕೆ ಜೊತೆಯಾಗಿ ಇನ್ನೊಂದು ಕೆಲಸ ಮಾಡುತ್ತದೆ. ಅರ್ಧ ಗಂಟೆ 80ರಲ್ಲಿ ಓಡಿಸಿ ಬಂದವನಿಗೆ 60 ಅಂದರೆ ತೆವಳಿದ ಹಾಗೆ ಅನಿಸುತ್ತದೆ. ಮೀಟರ್ ನೋಡದಿದ್ದರೆ ತಾನು 40ಕ್ಕೆ ಇಳಿದಿದ್ದೇನೆ ಅಂತಲೇ ಅವನು ನಂಬಿರುತ್ತಾನೆ. ಎಷ್ಟೋ ಡ್ರೈವರ್‌ಗಳು 'ಸರ್, ನಾ ಸ್ಲೋ ಮಾಡೇ ಮಾಡೀನ್ರಿ' ಅಂತ ಆಣೆ ಮಾಡಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಮೈಗೆ ಹಾಗೆ ಅನಿಸಿರುತ್ತದೆ, ಅಷ್ಟೇ.

ಮತ್ತೆ ದುಡ್ಡಿನ ಮಾತು. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಡ್ರೈವರ್ ಫ್ಯಾಕ್ಟರಿ ಗೇಟಲ್ಲಿ ಲೋಡಿಂಗ್‌ಗೆ ಗಂಟೆಗಟ್ಟಲೆ ಕಾಯುತ್ತಾನೆ. ಅಲ್ಲಿ ಕಳೆದ ಹೊತ್ತನ್ನು ರಸ್ತೆಯಲ್ಲಿ ತುಂಬಿಕೊಳ್ಳಲು ನೋಡುತ್ತಾನೆ. ಕ್ರೂಸರ್‌ನವನು ಮುಂದಿನ ಕ್ರಾಸ್‌ನಲ್ಲಿ ನಿಂತ ಪ್ಯಾಸೆಂಜರ್ ಇನ್ನೊಬ್ಬನ ಗಾಡಿ ಹತ್ತುವ ಮೊದಲು ಅಲ್ಲಿಗೆ ಮುಟ್ಟಬೇಕು. ಇದನ್ನು ಒಂದು ಶಾಲೆಯಿಂದ ಸರಿ ಮಾಡಲಾಗದು. ಆದರೆ ನಿಮ್ಮ ತಮ್ಮನಿಗೆ ಒಂದು ಲೆಕ್ಕ ಹೇಳಿ. ಊರಿನ ಅರ್ಧ ಕಿಲೋಮೀಟರನ್ನು 70ರಲ್ಲಿ ದಾಟಿದರೆ 26 ಸೆಕೆಂಡ್, 40ರಲ್ಲಿ ದಾಟಿದರೆ 45 ಸೆಕೆಂಡ್. ಉಳಿಯುವುದು 20 ಸೆಕೆಂಡಿಗೂ ಕಮ್ಮಿ. ಈ ಲೆಕ್ಕ ಕೇಳಿ ಸುಮ್ಮನಾದ ಡ್ರೈವರ್‌ಗಳನ್ನು ನಾನು ನೋಡಿದ್ದೇನೆ. ಬೈಗುಳಕ್ಕಿಂತ ಇದು ಚೆನ್ನಾಗಿ ನಾಟುತ್ತದೆ.

ಹಾಗಾದರೆ ವೇಗ ಅಷ್ಟು ದೊಡ್ಡ ವಿಷಯವೇ ಅಲ್ಲವೇ? ಹಾಗಲ್ಲ, ಅದೇ ದೊಡ್ಡ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ 40 ಮತ್ತು 60ರ ನಡುವೆ ಏನಿದೆ ಅನ್ನುವುದು ಜನರಿಗೆ ಗೊತ್ತೇ ಇಲ್ಲ. ಎರಡು ಬೈಕ್ ಪಕ್ಕಪಕ್ಕದಲ್ಲಿ ಬರುತ್ತಿವೆ ಅಂದುಕೊಳ್ಳಿ, ಒಂದು 40ರಲ್ಲಿ, ಇನ್ನೊಂದು 60ರಲ್ಲಿ. ಮುಂದೆ 28 ಮೀಟರ್ ದೂರದಲ್ಲಿ ಒಂದು ಮಗು ಓಡಿ ಬಂತು. ಕಂಡು, ತಿಳಿದು, ಬ್ರೇಕ್ ಹಿಡಿಯುವುದಕ್ಕೆ ಯಾರಿಗಾದರೂ ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 40ರ ಬೈಕ್ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಒಳ್ಳೆಯದಿದ್ದರೆ ಇನ್ನು 10 ಮೀಟರ್‌ನಲ್ಲಿ ನಿಲ್ಲುತ್ತದೆ. ಮಗು ಉಳಿಯಿತು. 60ರ ಬೈಕ್ ಆ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಬಂದಿರುತ್ತದೆ. ಬ್ರೇಕ್ ಹಿಡಿಯಲು ಉಳಿದದ್ದು ಮೂರು ಮೀಟರ್. ಮಗುವಿಗೆ ತಾಗುವಾಗ ವೇಗ ಹೆಚ್ಚುಕಮ್ಮಿ 56. ಅಂದರೆ ಒಬ್ಬ ಮುಟ್ಟದೆ ನಿಂತ ಜಾಗದಲ್ಲಿ ಇನ್ನೊಬ್ಬ ಬ್ರೇಕ್ ಹಿಡಿಯಲು ಈಗಷ್ಟೇ ಶುರು ಮಾಡಿದ್ದಾನೆ. ಮಳೆಯಲ್ಲಿ ಅಥವಾ ಸಿಮೆಂಟ್ ತುಂಬಿದ ಲಾರಿಯಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ.

ನಮ್ಮ ದೇಶದಲ್ಲಿ ರಸ್ತೆಗಳ ಮಾನದಂಡ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದು ರಸ್ತೆ ವಿನ್ಯಾಸಕ್ಕೆ ಇಟ್ಟುಕೊಂಡ ಲೆಕ್ಕದಲ್ಲಿ, ಸುರಕ್ಷಿತವಾಗಿ ನಿಲ್ಲಲು 40ರಲ್ಲಿ 45 ಮೀಟರ್, 60ರಲ್ಲಿ 80 ಮೀಟರ್, 80ರಲ್ಲಿ 120 ಮೀಟರ್ ಬೇಕು. ನಿಮ್ಮ ಶಾಲೆಯ ಬೋರ್ಡ್ ಗೇಟಿನಿಂದ ಎಷ್ಟು ದೂರ ಇದೆ, ಹೆಜ್ಜೆ ಹಾಕಿ ಅಳೆಯಿರಿ. ಗೇಟಿನ ಪಕ್ಕದಲ್ಲೇ ನೆಟ್ಟ ಬೋರ್ಡ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಕಾಣುವ ಹೊತ್ತಿಗೆ 80ರಲ್ಲಿ ಬಂದವನು ಮನಸ್ಸು ಮಾಡಿದರೂ ನಿಲ್ಲಲಾರ. ಬೇವಿನ ಟೊಂಗೆಯ ಹಿಂದೆ ಅಡಗಿದ ಬೋರ್ಡ್, ಬಿಸಿಲಿಗೆ ಬಣ್ಣ ಹೋಗಿ ರಾತ್ರಿ ಹೊಳೆಯದ ಬೋರ್ಡ್, ಜಾತ್ರೆಯ ಬ್ಯಾನರ್ ಕಟ್ಟಿದ ಬೋರ್ಡ್, ಇವೆಲ್ಲ ಲೆಕ್ಕಕ್ಕೆ ಮಾತ್ರ ಇರುವ ಬೋರ್ಡ್‌ಗಳು. ಅದಕ್ಕೇ ಬರೀ ದೊಡ್ಡ ಬೋರ್ಡ್ ಹಾಕಿದರೆ ಸರಿಹೋಗುತ್ತದೆ ಅನ್ನುವ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ಸರಿಯಾದ ದೂರದಲ್ಲಿ, ಹೊಳೆಯುವ ಹಾಳೆಯ, ಸರಿಯಾದ ಹೊತ್ತಿಗೆ ಮಾತಾಡುವ ಒಂದು ಬೋರ್ಡ್ ಸಾಕು.

ಈಗ ಪೊಲೀಸ್ ಕಾಗದದ ಬಗ್ಗೆ ಒಂದು ಮಾತು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ವೇಗ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೆ ನಮ್ಮ ಕಡೆಯ ಎಫ್‌ಐಆರ್ ಓದಿ ನೋಡಿ. 'ಅತಿವೇಗ ಮತ್ತು ನಿಷ್ಕಾಳಜಿತನದಿಂದ ಚಲಾಯಿಸಿ' ಅನ್ನುವ ಸಾಲು ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಆ ಸಾಲು ಬರೆದ ಮೇಲೆ ರಸ್ತೆಯನ್ನು ಯಾರೂ ಕೇಳುವುದಿಲ್ಲ. ತಿರುವಿನಲ್ಲಿ ಜಾಲಿ ಬೆಳೆದಿತ್ತಾ, ರಸ್ತೆ ಅಂಚು ಕುಸಿದಿತ್ತಾ, ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತಾ ಅನ್ನುವುದು ಕಾಗದಕ್ಕೆ ಬರುವುದೇ ಇಲ್ಲ. ಹಾಗಾಗಿ ಅದೇ ಜಾಗದಲ್ಲಿ ಮತ್ತೆ ಅಪಘಾತ ಆಗುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಇರುವ ಇಲಾಖೆಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಈ ಕಲಂ ಇದೆ ಅಂತ ನಮ್ಮ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬೇಕು.

ನಮ್ಮ ಮಣ್ಣಿನದ್ದೂ ಇದರಲ್ಲಿ ಪಾತ್ರ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಟಾರಿನ ಅಂಚು ಕುಸಿದು ಪಕ್ಕದ ಮಣ್ಣು ಗೇಣುದ್ದ ಕೆಳಗೆ ಹೋಗುತ್ತದೆ. ಮಳೆ ಬಂದರೆ ಅಲ್ಲಿ ಕಾಲಿಡುವ ಹಾಗಿಲ್ಲ, ಚಪ್ಪಲಿ ಕಿತ್ತುಕೊಂಡು ಹೋಗುವಂಥ ರಾಡಿ. ಮಕ್ಕಳು ಟಾರಿನ ಮೇಲೆ ನಡೆಯುತ್ತಾರೆ. ನೀವು ಎಷ್ಟು ಬುದ್ಧಿ ಹೇಳಿದರೂ ನಡೆಯುತ್ತಾರೆ, ಯಾಕೆಂದರೆ ಬೇರೆ ದಾರಿ ಇಲ್ಲ. ಶಾಲೆಯಿಂದ ತಾಂಡಾದ ತಿರುವಿನವರೆಗೆ ಗರಸು ಹಾಕಿ ಗಟ್ಟಿ ಮಾಡಿದ ಒಂದು ಕಾಲುದಾರಿ ನನ್ನ ಪ್ರಕಾರ ಕ್ಯಾಮೆರಾಗಿಂತ ಮೊದಲು ಬೇಕು.

ಹಂಪ್ಸ್ ವಿಷಯಕ್ಕೆ ಬರುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ಸ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರುತ್ತದೆ, ನಡುವೆ ಎತ್ತರ 10 ಸೆಂಟಿಮೀಟರ್ ಮಾತ್ರ. 25ರ ಆಸುಪಾಸಿನಲ್ಲಿ ಬಂದ ಗಾಡಿ ಸಲೀಸಾಗಿ ಏರಿ ಇಳಿಯುತ್ತದೆ, ಜೋರಾಗಿ ಬಂದದ್ದು ಕುಲುಕುತ್ತದೆ. ಅದರ ಮೇಲೆ ಬಿಳಿ ಬಣ್ಣದ ಪಟ್ಟೆ ಇರಬೇಕು, ಮುಂಚಿತವಾಗಿ ಬೋರ್ಡ್ ಇರಬೇಕು, ರಾತ್ರಿ ಕಾಣಬೇಕು. ಊರವರು ಹಾಕುವುದು ಒಂದೂವರೆ ಅಡಿ ಅಗಲದ, ಮೊಣಕಾಲಿನ ಅರ್ಧಕ್ಕೆ ಬರುವ ಸಿಮೆಂಟ್ ಗೋಡೆ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಡಿಮ್ ಲೈಟಿನಲ್ಲಿ ಬೈಕಿನವನಿಗೆ ಹೆಚ್ಚೆಂದರೆ 50 ಮೀಟರ್ ಮುಂದಿನದು ಕಾಣುತ್ತದೆ. ಟಾರಿನ ಬಣ್ಣದ್ದೇ ದಿಬ್ಬ ಅಷ್ಟೂ ದೂರದಿಂದ ಕಾಣದು. ಹಿಂದೆ ಕೂತ ಹೆಂಗಸು ಎಗರಿ ಬೀಳುತ್ತಾಳೆ. ಇಂಥ ಗಾಯ ತಲೆಗೇ ಆಗುತ್ತದೆ. ತುಂಬು ಬಸುರಿಯನ್ನು ಕರೆದೊಯ್ಯುವ ಆಂಬುಲೆನ್ಸ್‌ಗೂ ಅದೇ ದಾರಿ. ಯಾರಾದರೂ ಸತ್ತರೆ ಹಾಕಿದವರ ಮೇಲೆ ಕೇಸ್ ಬೀಳುತ್ತದೆ, ಆಗ 'ಮಕ್ಕಳಿಗಾಗಿ ಹಾಕಿದೆವು' ಅನ್ನುವ ಮಾತು ನಡೆಯುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಚಿಕ್ಕ ದಿಬ್ಬದ ಪಕ್ಕದಲ್ಲಿ ಮಣ್ಣಿನ ಜಾಗ ಇದ್ದರೆ ಬೈಕ್‌ಗಳು ಅದನ್ನು ತಪ್ಪಿಸಲು ಅಂಚಿಗೆ ಇಳಿಯುತ್ತವೆ. ನಿಮ್ಮ ಮಕ್ಕಳು ನಿಂತು ಕಾಯುವುದು ಅದೇ ಅಂಚಿನಲ್ಲಿ.

ಹಾಗಾದರೆ ದಾರಿ ಏನು? ನಿಮ್ಮ ರಸ್ತೆ ರಾಜ್ಯ ಹೆದ್ದಾರಿ, ವಾಗ್ದರಿ–ರಿಬ್ಬನಪಲ್ಲಿ ರಸ್ತೆಯ ಭಾಗ. ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯ ಅಡಿಗೆ ಬರುತ್ತವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಂಪ್ಸ್‌ಗೆ ಒಪ್ಪುವುದೇ ಇಲ್ಲ, ಇಲ್ಲಿ ಶಾಲೆ ಇದೆ ಅಂದರೆ ಕೇಳುತ್ತಾರೆ. ನಾನಾದರೆ ಮೊದಲಿಗೆ ಹಂಪ್ಸ್ ಕೇಳುವುದಿಲ್ಲ. ಊರು ಶುರುವಾಗುವ ಜಾಗದಿಂದಲೇ ರಸ್ತೆಯ ರೂಪ ಬದಲಾಯಿಸಿ ಅಂತ ಕೇಳುತ್ತೇನೆ. ಶಾಲೆಗೆ 150–200 ಮೀಟರ್ ಮೊದಲು ರಸ್ತೆಗೆ ಅಡ್ಡಲಾಗಿ ದಪ್ಪ ಬಿಳಿ ಪಟ್ಟಿಗಳು, ಗಡಗಡ ಸದ್ದು ಬರುವಂಥವು. ಅಲ್ಲಿಂದ ಎರಡೂ ಅಂಚಿಗೆ ಬಿಳಿ ಗೆರೆ ಒಳಗೆ ತಂದು ಓಡುವ ಜಾಗ ಕಿರಿದಾಗಿ ಕಾಣುವ ಹಾಗೆ ಮಾಡುವುದು. ನಡುಗೆರೆಯಲ್ಲಿ ರಾತ್ರಿ ಹೊಳೆಯುವ ಸಣ್ಣ ಬಿಲ್ಲೆಗಳು (ಕ್ಯಾಟ್ ಐ). ಶಾಲೆ ಎದುರು ರಸ್ತೆಯನ್ನೇ ಸ್ವಲ್ಪ ಎತ್ತರಿಸಿ, ಅಗಲವಾದ ಜೀಬ್ರಾ ದಾಟುದಾರಿ. ಆಗ ರಸ್ತೆಯೂ ಬೋರ್ಡೂ ಒಂದೇ ಮಾತು ಹೇಳುತ್ತವೆ. ಇದರಲ್ಲೂ ತೊಂದರೆ ಇಲ್ಲ ಅಂತಲ್ಲ. ಗಡಗಡ ಪಟ್ಟಿಯ ಸದ್ದು ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತದೆ, ಆದ್ದರಿಂದ ಮನೆಗಳಿಂದ ದೂರ ಹಾಕಿಸಿ. ಒಂದೆರಡು ಮಳೆಗಾಲಕ್ಕೆ ಬಣ್ಣ ಸವೆಯುತ್ತದೆ, ಮತ್ತೆ ಬೆನ್ನು ಹತ್ತಬೇಕು. ದಾಟುದಾರಿ ಎತ್ತರಿಸಿದರೆ ಮಳೆನೀರು ಹೋಗಲು ಪೈಪ್ ಇಡಬೇಕು. ಇಲ್ಲದಿದ್ದರೆ ಶಾಲೆ ಮುಂದೆ ಕೆರೆ ಆಗುತ್ತದೆ.

ಇದರ ಜೊತೆ ಸೋಲಾರ್‌ನಲ್ಲಿ ನಡೆಯುವ ಹಳದಿ ಮಿಣುಕು ದೀಪ ಕೇಳಿ. ಆದರೆ ಒಂದು ಷರತ್ತು: ಅದು ಶಾಲೆ ಶುರುವಾಗುವಾಗ ಮತ್ತು ಬಿಡುವಾಗ ಮಾತ್ರ ಮಿಣುಕಬೇಕು. ಉಳಿದ ಹೊತ್ತು ಆರಿರಬೇಕು. ಹಗಲು ರಾತ್ರಿ ಮಿಣುಕುವ ದೀಪ ಒಂದು ತಿಂಗಳಲ್ಲಿ ಬೋರ್ಡಿನ ಹಾಗೇ ಆಗಿಬಿಡುತ್ತದೆ. ಟೈಮರ್ ಇರುವಂಥದ್ದೇ ಬೇಕು ಅಂತ ಅರ್ಜಿಯಲ್ಲಿ ಬರೆಯಿರಿ.

ಕ್ಯಾಮೆರಾ, ಪೊಲೀಸ್ ವಿಷಯದಲ್ಲಿ ನನ್ನ ಅನುಭವ ಹೀಗಿದೆ. ಅದೇ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಅತಿವೇಗಕ್ಕೆ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ ಇದೆ. ಮೊತ್ತ ಜಾಸ್ತಿ ಮಾಡಿದರೆ ಜನ ಹೆದರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಜನ ಹೆದರುವುದು ಮೊತ್ತಕ್ಕಲ್ಲ, ಸಿಕ್ಕಿಬೀಳುವ ಖಾತ್ರಿಗೆ. ವರ್ಷಕ್ಕೆ ಒಮ್ಮೆ 2,000 ಕಟ್ಟುವುದು ಅವರಿಗೆ ದುರದೃಷ್ಟ ಅನಿಸುತ್ತದೆ. ವಾರಕ್ಕೆ ಮೂರು ಸಲ 500 ಕಟ್ಟಬೇಕಾದರೆ ಮಾತ್ರ ಓಡಿಸುವ ರೀತಿ ಬದಲಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರಲ್ಲಿ ಸಾವು ಏರಿದ ಮೇಲೆ ಆಗಸ್ಟ್‌ನಿಂದ ಬೈಕ್, ಆಟೊ ನಿಲ್ಲಿಸಿದರು. ಕ್ಯಾಮೆರಾ ಹಾಕಿದರು, ತಪಾಸಣೆ ಬಿಗಿ ಮಾಡಿದರು. ಸಾವು ಚೆನ್ನಾಗಿಯೇ ಇಳಿಯಿತು. ಅಲ್ಲಿ ಅದು ದಿನಾ ನಡೆದದ್ದರಿಂದ ಫಲ ಕೊಟ್ಟಿತು. ನಿಮ್ಮ ಊರಿಗೆ ವೇಗ ಅಳೆದು ಹಿಡಿಯುವ ಪೊಲೀಸರ ಒಂದು ಇಂಟರ್‌ಸೆಪ್ಟರ್ ಗಾಡಿ ಒಂದು ಬೆಳಿಗ್ಗೆ ಬಂದು ಹೋದರೆ, ಎದುರಿನಿಂದ ಬರುವವರು ಲೈಟ್ ಹೊಡೆದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಅಷ್ಟೇ. ಒಂದೇ ಕಂಬದ ಕ್ಯಾಮೆರಾ ಇದ್ದರೆ ಅಲ್ಲಿ ಬ್ರೇಕ್ ಹಿಡಿದು, ದಾಟಿದ ಮೇಲೆ ಎರಡರಷ್ಟು ಒತ್ತುತ್ತಾರೆ. ಅದು ಬೇಡ ಅನ್ನುತ್ತಿಲ್ಲ. ರಸ್ತೆ ಬದಲಾದ ಮೇಲೆ ಬರಲಿ ಅನ್ನುತ್ತಿದ್ದೇನೆ.

ಪೊಲೀಸರು ಇಡುವ ಕಬ್ಬಿಣದ ಬ್ಯಾರಿಕೇಡ್ ಬೇಗ ಸಿಗುತ್ತದೆ, ಕೆಲಸವೂ ಮಾಡುತ್ತದೆ. ಹೊಳೆಯುವ ಪಟ್ಟಿ ಇಲ್ಲದೆ ರಾತ್ರಿ ಅಲ್ಲೇ ಬಿಟ್ಟರೆ ಮಾತ್ರ ಅದೇ ಯಮ. ಶಾಲೆ ಬಿಟ್ಟ ಮೇಲೆ ಪಕ್ಕಕ್ಕೆ ಎಳೆದಿಡುವ ಜವಾಬ್ದಾರಿ ಒಬ್ಬರ ಹೆಸರಿಗೆ ಇರಲಿ.

ಇಲಾಖೆ ಬರುವವರೆಗೆ ನೀವೇ ಮಾಡಬಹುದಾದ ಎರಡು ಕೆಲಸ ಇವೆ. ಗೇಟ್ ರಸ್ತೆಗೆ ನೇರ ತೆರೆದಿದೆ ಅಂದಿರಿ. ಊರ ಒಳಗಿನ ಓಣಿ ಕಡೆ ಕಂಪೌಂಡ್ ಒಡೆದು ಇನ್ನೊಂದು ಗೇಟ್ ಮಾಡಲು ಜಾಗ ಇದೆಯಾ ನೋಡಿ. ಮಕ್ಕಳು ಗಂಟೆ ಹೊಡೆದ ಕೂಡಲೇ ಓಡುತ್ತಾ ಬಂದು ಟಾರಿನ ಮೇಲೇ ಕಾಲಿಡುವುದು ತಪ್ಪಿದರೆ ಅರ್ಧ ಅಪಾಯ ಕಮ್ಮಿ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ಮತ್ತು ಪಂಚಾಯಿತಿ ಸೇರಿದರೆ ಆಗುವ ಕೆಲಸ ಇದು. ಎರಡನೆಯದು, ತಾಂಡಾದ ಮಕ್ಕಳನ್ನು ಗುಂಪು ಮಾಡಿ ದೊಡ್ಡವರು ದಾಟಿಸುವುದು. ಹೊಳೆಯುವ ಜಾಕೆಟ್, ಕೈಯಲ್ಲಿ ಕೆಂಪು ಬಾವುಟ ಇರಲಿ. ಇದನ್ನು ಏಳನೇ ಕ್ಲಾಸಿನ ಹುಡುಗರ ಕೈಗೆ ಕೊಡಬೇಡಿ. ಕೆಲವು ಕಡೆ ಹಗ್ಗ ಹಿಡಿದು ರಸ್ತೆಗೆ ಅಡ್ಡ ನಿಲ್ಲುವ ಮಕ್ಕಳನ್ನು ನೋಡಿ ನನಗೆ ಎದೆ ನಡುಗಿದೆ. ದೊಡ್ಡವರೂ ಗಾಡಿ ನಿಂತದ್ದು ಕಂಡ ಮೇಲೆಯೇ ರಸ್ತೆಗೆ ಇಳಿಯಬೇಕು. ಬಾವುಟ ತೋರಿಸಿದ ತಕ್ಷಣ ಅಲ್ಲ. 28 ಮೀಟರ್‌ನ ಲೆಕ್ಕ ಅವರಿಗೂ ಹೇಳಿ.

ಬೈಕ್ ಓಡಿಸಿದ ನಿಮ್ಮೂರ ಹುಡುಗನ ಬಗ್ಗೆ ನೀವು ತುಂಬಾ ನೊಂದು ಬರೆದಿದ್ದೀರಿ. ಅವನಿಗೆ ಶಾಲೆ ಇರುವುದು ಗೊತ್ತಿತ್ತು, ಬೋರ್ಡ್ ಬೇಕಾಗಿಯೇ ಇರಲಿಲ್ಲ. ಗೊತ್ತಿರುವ ರಸ್ತೆಯಲ್ಲೇ ಜನ ಜೋರಾಗಿ ಓಡಿಸುತ್ತಾರೆ. ನೂರು ಸಲ ಏನೂ ಆಗದೆ ದಾಟಿದ ಮೇಲೆ ನೂರಾ ಒಂದನೆಯ ಸಲವೂ ಏನೂ ಆಗದು ಅಂತ ಮೈ ನಂಬಿಬಿಡುತ್ತದೆ. ಅವನನ್ನು ಊರ ಮುಂದೆ ನಿಲ್ಲಿಸಿ ಅವಮಾನ ಮಾಡುವುದರಿಂದ ಏನೂ ಸಿಗದು. ಬೆಳಿಗ್ಗೆ ಮಕ್ಕಳನ್ನು ದಾಟಿಸುವ ಗುಂಪಿಗೆ ಅವನನ್ನೂ ಕರೆಯಿರಿ, ಬರುತ್ತಾನೆ ಅಂತ ನನಗೆ ಅನಿಸುತ್ತದೆ. ಅವನಿಗೆ 18 ತುಂಬಿಲ್ಲದಿದ್ದರೆ ಮಾತ್ರ ವಿಷಯ ಬೇರೆ. ಅದೇ ಕಾಯ್ದೆಯ 199ಎ ಕಲಂ ಪ್ರಕಾರ ಬೈಕ್ ಕೊಟ್ಟ ತಂದೆತಾಯಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇದೆ. ಇದನ್ನು ಪಾಲಕರ ಸಭೆಯಲ್ಲಿ ಹೇಳಲೇಬೇಕು.

ವರ್ಷದಲ್ಲಿ ಕೆಲವು ದಿನ ನಿಮ್ಮ ರಸ್ತೆ ಇನ್ನೂ ಕೆಟ್ಟದಾಗಿರುತ್ತದೆ. ತೊಗರಿ ರಾಶಿಯ ಹೊತ್ತಿಗೆ ಟಾರಿನ ಮೇಲೇ ಬೆಳೆ ಹರಡಿ ಒಕ್ಕುತ್ತಾರೆ, ಅರ್ಧ ರಸ್ತೆ ಅದಕ್ಕೇ ಹೋಗುತ್ತದೆ. ಕಟ್ಟಿಗೆಯ ಮೇಲೆ ಜಾರಿದ ಬೈಕ್ ಹಿಡಿತಕ್ಕೆ ಬರುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲಲು ಇಡೀ ಊರೇ ಟ್ರ್ಯಾಕ್ಟರ್, ಬಂಡಿ ಕಟ್ಟಿಕೊಂಡು ರಸ್ತೆಗೆ ಬರುತ್ತದೆ, ಕತ್ತಲಾದ ಮೇಲೆ ಹಿಂದಿನ ಕೆಂಪು ದೀಪ ಇಲ್ಲದೆ ಮರಳುತ್ತದೆ. ಟ್ರೇಲರ್ ಹಿಂದೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ಸ್ವಲ್ಪವೇ ದುಡ್ಡು ಸಾಕು. ಈ ಒಂದು ಕೆಲಸ ಊರ ಹಿರಿಯರಿಗೆ ಒಪ್ಪಿಸಿ. ಸಿಮೆಂಟ್ ಕಲಸಲು ತಯಾರಾಗಿದ್ದ ಕೈಗಳಿಗೆ ಏನಾದರೂ ಕೆಲಸ ಬೇಕಲ್ಲ.

ಕೊನೆಗೆ ಅರ್ಜಿ. 'ಗಾಡಿಗಳು ಜೋರಾಗಿ ಬರುತ್ತವೆ' ಅಂತ ಬರೆದರೆ ಫೈಲ್ ಅಲ್ಲೇ ಮಲಗುತ್ತದೆ. ಅಳತೆ ಕೊಡಿ. ಶಾಲೆ ಕಂಪೌಂಡ್ ಒಳಗೇ ನಿಂತು ಇದನ್ನು ಮಾಡಬಹುದು. ರಸ್ತೆ ಬದಿಯಲ್ಲಿ 100 ಮೀಟರ್ ಅಂತರಕ್ಕೆ ಎರಡು ಗುರುತು ಮಾಡಿ, ಮರವೋ ಕಂಬವೋ ಆದರೂ ಸಾಕು, ಟೇಪಿನಲ್ಲಿ ಅಳೆದಿರಬೇಕು. ಒಂದು ಗುರುತಿನಿಂದ ಇನ್ನೊಂದಕ್ಕೆ ಗಾಡಿ ಎಷ್ಟು ಸೆಕೆಂಡಿನಲ್ಲಿ ಹೋಯಿತು ಅಂತ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಿ. 9 ಸೆಕೆಂಡ್ ಆದರೆ ವೇಗ 40. 6 ಸೆಕೆಂಡ್ ಆದರೆ 60. ನಾಲ್ಕೂವರೆ ಸೆಕೆಂಡ್ ಆದರೆ 80. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಕೆಲವು ದಿನ ಹೀಗೆ ಬರೆದಿಟ್ಟು ಒಂದು ಪಟ್ಟಿ ಮಾಡಿ. ಜೊತೆಗೆ ದಾಟುವ ಮಕ್ಕಳ ಸಂಖ್ಯೆ, ಬೋರ್ಡ್ ಗೇಟಿನಿಂದ ಇರುವ ದೂರ, ಅಂಚು ಕುಸಿದ ಜಾಗದ ಫೋಟೊ, ಹುಡುಗನ ಅಪಘಾತದ ಎಫ್‌ಐಆರ್ ನಂಬರ್ ಹಾಕಿ. ಒಂದು ಪ್ರತಿ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್‌ಗೆ, ಇನ್ನೊಂದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಪೊಲೀಸ್ ವರಿಷ್ಠಾಧಿಕಾರಿ, ಆರ್‌ಟಿಒ, ಲೋಕೋಪಯೋಗಿ ಇಲಾಖೆಯವರು ಒಟ್ಟಿಗೆ ಕೂರುವುದು ಆ ಸಭೆಯಲ್ಲಿ ಮಾತ್ರ. ಅದಕ್ಕೇ ಅಲ್ಲಿಗೆ ಕೊಟ್ಟ ಅರ್ಜಿಯನ್ನು ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳುವುದು ಕಷ್ಟ. ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ. ಸಭೆಯ ನಡಾವಳಿಯಲ್ಲಿ ನಿಮ್ಮ ಊರಿನ ಹೆಸರು ಬಂದಿದೆಯಾ ಅಂತ ಮುಂದಿನ ತಿಂಗಳು ಹೋಗಿ ಕೇಳಿ. ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ನಡಾವಳಿಯ ಪ್ರತಿ ಕೇಳಿ, ಅರ್ಜಿ ಶುಲ್ಕ ಹತ್ತು ರೂಪಾಯಿ.